ನಿಲ್ಲಬಾರದ ಕುದುರೆ, ಏಳಲಾರದ ಅಳಿಯ

ಜಿನ್‌ಪಾಚಿ ಸೋಮಾರಿ. ಇದನ್ನು ಮೆತ್ತಗೆ ಹೇಳುವ ದಾರಿ ಇಲ್ಲ, ಹುಡುಕುವ ಅಗತ್ಯವೂ ಇಲ್ಲ. ಕೆಲವರು ಕಾಯಿಲೆಯಿಂದ ಸೋಮಾರಿಗಳಾಗುತ್ತಾರೆ, ಕೆಲವರು ದುಃಖದಿಂದ. ಜಿನ್‌ಪಾಚಿಗೆ ಅಂಥ ನೆವ ಯಾವುದೂ ಇರಲಿಲ್ಲ. ಗಟ್ಟಿಮುಟ್ಟಾದ ಆಳು, ಹಲ್ಲೆಲ್ಲ ನೆಟ್ಟಗಿದ್ದವು, ಉಣ್ಣುವುದು ಇಬ್ಬರ ಊಟ. ಕೂತಲ್ಲಿಂದ ಏಳುವುದು ಮಾತ್ರ ಅವನಿಗೆ ಯಾರೋ ಮಾಡಿದ ಅವಮಾನದಂತೆ. ಒಲೆಗೆ ಸೌದೆ ಒಟ್ಟಬೇಕಾದರೆ ಪದೇ ಪದೇ ಏಳಬೇಕಲ್ಲ ಎಂದು ಉದ್ದನೆಯ ಕೊಂಬೆಯೊಂದನ್ನು ಇಡಿಯಾಗಿ ಒಲೆಯ ಬಾಯಿಗೆ ತುರುಕಿ, ಉರಿದಂತೆಲ್ಲ ಕಾಲಿನಿಂದ ಒಳಕ್ಕೆ ತಳ್ಳುತ್ತ ಮಲಗಿರುತ್ತಿದ್ದ.

ಉತ್ತರದ ಹಿಮನಾಡಿನ ತೊಕಾಚಿ ಬಯಲು ಮುಗಿದು ಕಾಡು ಶುರುವಾಗುವಲ್ಲಿ ಅವರ ಹೊಲ. ಅವರದೆಂದರೆ ಹೆಂಡತಿ ಇಸೊಳ ಮನೆತನದ್ದು. ಇಸೊಗೆ ಅಣ್ಣತಮ್ಮಂದಿರಿಲ್ಲ. ಹೀಗಾಗಿ ಜಿನ್‌ಪಾಚಿ ಮನೆಯಳಿಯನಾಗಿ ಬಂದು, ತನ್ನ ಮನೆಯ ಹೆಸರು ಬಿಟ್ಟು ಅವರ ಹೆಸರು ಹೊತ್ತುಕೊಂಡ. ಇಸೊಳ ತಾಯಿ ತೊಮೆ, ಹೆಸರು ಹೊತ್ತಷ್ಟು ಸಲೀಸಾಗಿ ಬೇರೇನನ್ನೂ ಅವನು ಹೊರಲಿಲ್ಲ ಎನ್ನುತ್ತಿದ್ದಳು.

"ನಮ್ಮೆಜಮಾನ್ರು ಈ ಜಾಗದ ಬೊಡ್ಡೆಗಳನ್ನ ಕೈಯಾರೆ ಕಿತ್ತು ಹೊಲ ಮಾಡಿದ್ರು," ಎಂದು ಬಂದವರಿಗೆ ಚಹಾ ಬಗ್ಗಿಸುತ್ತ ಹೇಳುವಳು. "ಒಂದು ಬೊಡ್ಡೆ ಉಳಿದಿತ್ತು ನೋಡಿ, ಒಲೆ ಮುಂದೆ ಮಲಗಿದೆ."

"ಬೊಡ್ಡೆ ಇದ್ರೆ ಮಣ್ಣು ಕೊಚ್ಚಿಹೋಗಲ್ಲ, ಅಮ್ಮ," ಎಂದು ಜಿನ್‌ಪಾಚಿ ಮಲಗಿದಲ್ಲಿಂದಲೇ ಉತ್ತರಿಸುವನು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಾಗಲು ಎದ್ದು ಕೂರಬೇಕಾಗುತ್ತದೆ.

ಆ ಮನೆಯಲ್ಲಿ ಮಾತ್ಸು ಎಂಬ ಹೆಣ್ಣು ಕುದುರೆ ಇತ್ತು. ತಾಯಿ ಈದು ಸತ್ತಾಗ ಇಸೊ ಮೇಕೆಯ ಹಾಲು ಕುಡಿಸಿ ಬದುಕಿಸಿದ ಮರಿ ಅದು. ಬೆಳೆದು ನಿಂತಾಗ ಅದರ ಬೆನ್ನು ಇಸೊಳ ತಲೆಗಿಂತ ಎತ್ತರ, ಗೊರಸಿನ ಮೇಲೆ ಕೂದಲ ಜೊಂಪೆ, ಎದೆ ಉಗ್ರಾಣದ ಬಾಗಿಲಿನಷ್ಟು ಅಗಲ. ಇಷ್ಟಾದರೂ ಇಸೊ ಕೊಟ್ಟಿಗೆಗೆ ಬಂದರೆ ಹಾಲು ಕೇಳುವ ಮರಿಯಂತೆ ಅವಳ ಕಂಕುಳಿಗೆ ಮೂತಿ ತೂರಿಸುತ್ತಿತ್ತು. ಬೇಸಿಗೆಯಲ್ಲಿ ಹೊಲ ಉಳುವುದು, ಚಳಿಗಾಲದಲ್ಲಿ ಗುಡ್ಡದಿಂದ ದಿಮ್ಮಿಗಳನ್ನು ಜಾರುಬಂಡಿಯಲ್ಲಿ ಎಳೆದು ರೈಲು ನಿಲ್ದಾಣದ ಬಳಿಯ ಮಿಲ್ಲಿಗೆ ತಲುಪಿಸುವುದು ಅದರ ಕೆಲಸ.

ಹೊಸವರ್ಷಕ್ಕೆ ಮಾತ್ರ ಕೆಲಸವಿಲ್ಲ. ತೊಮೆಯ ಗಂಡ ಬದುಕಿದ್ದಾಗಿನಿಂದ ಆ ಮನೆಯಲ್ಲಿ ಒಂದು ನೇಮ. ವರ್ಷದ ಕಡೆಯ ದಿನ ಮನೆಯ ಬಾಗಿಲಿಗೆ ಕಟ್ಟಿದಂತೆ ಕೊಟ್ಟಿಗೆಯ ಬಾಗಿಲಿಗೂ ಹುಲ್ಲಿನ ಹೊಸ ಹಗ್ಗ ಕಟ್ಟಬೇಕು. ಮೂರು ದಿನ ಕುದುರೆ ಆ ಬಾಗಿಲು ದಾಟಬಾರದು, ಅದರ ಮೈಗೆ ಬಾರು ತಾಗಬಾರದು. ಮನುಷ್ಯರಿಗೆ ಅಂಟಕ್ಕಿ ಕುಟ್ಟಿ ಮಾಡುವ ಮೋಚಿ ಎಂಬ ಕಡುಬು, ಕುದುರೆಗೆ ಬಕೆಟ್ಟು ತುಂಬ ಓಟ್ಸು, ಮೇಲೆ ಬೇಯಿಸಿದ ಸೋಯಾ ಕಾಳು. ವರ್ಷವಿಡೀ ದುಡಿದ ಪ್ರಾಣಿಗೆ ಮಾಡುವ ಮರ್ಯಾದೆ ಅದು. ತೊಮೆ ಆ ಬಕೆಟ್ಟನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಮಾತ್ಸುವಿನ ಕಾಲು ಕೆಟ್ಟದ್ದು ಈ ಮರ್ಯಾದೆಯಿಂದಲೇ.

ಆ ಚಳಿಗಾಲ ದಿಮ್ಮಿ ಎಳೆಯುವ ಕೆಲಸ ಹೆಚ್ಚಿತ್ತು. ವರ್ಷದ ಕಡೆಯ ಸಂಜೆಯವರೆಗೂ ಬೆವರು ಸುರಿಸಿ ಎಳೆದ ಕುದುರೆ ಮೂರು ದಿನ ಕೊಟ್ಟಿಗೆಯಲ್ಲಿ ನಿಂತು ಹಬ್ಬದೂಟ ಉಂಡಿತು. ನಾಲ್ಕನೆಯ ದಿನ ವರ್ಷದ ಮೊದಲ ಸಾಗಾಟಕ್ಕೆಂದು ಇಸೊ ಬಾರು ಹಿಡಿದು ಒಳಹೋದರೆ, ಮಾತ್ಸುವಿನ ಎಡ ಹಿಂಗಾಲು ತೊಡೆಯಿಂದ ಗೊರಸಿನವರೆಗೆ ಒಂದೇ ಸಮ ಊದಿ ಗುಡಿಯ ಕಂಬದಂತಾಗಿತ್ತು. ಕೈಯಿಟ್ಟರೆ ಬಿಸಿ. ಕುದುರೆ ಕಾಲೂರದೆ ಮೂರು ಕಾಲಿನ ಮೇಲೆ ನಿಂತು ನಡುಗುತ್ತಿತ್ತು.

ಪಶುವೈದ್ಯ ಒನೊದೆರಾ ಹಿಮದಲ್ಲಿ ಹೂತುಕೊಳ್ಳುತ್ತ ಬಂದ. ಸೂಜಿ ಚುಚ್ಚಿದ, ಕಾಲು ಒತ್ತಿ ನೋಡಿದ. ಒತ್ತಿದ ಕಡೆ ಬೆರಳಿನ ಗುಳಿ ಹಾಗೇ ಉಳಿಯಿತು.

"ಏನು ಮಾಡಿದ್ರಿ ಇದಕ್ಕೆ?"

"ಏನೂ ಮಾಡಿಲ್ಲ ಡಾಕ್ಟ್ರೇ!" ಎಂದಳು ತೊಮೆ. "ಮೂರು ದಿನ ಮದುಮಗಳ ಹಾಗೆ ಕೂರಿಸಿ ತಿನ್ನಿಸಿದೀವಿ."

"ಮಾಡಿದ್ದು ಅದೇ ಮತ್ತೆ." ಒನೊದೆರಾ ಕೈ ಒರೆಸಿಕೊಂಡ. "ದಿನಾ ಎಳೆಯೋ ಕುದುರೆ ಒಮ್ಮೆಗೇ ನಿಂತ್ರೆ ಮೈನೀರು ಕಾಲಿಗಿಳಿದು ಅಲ್ಲೇ ಕೂರತ್ತೆ. ನಡೆದ್ರೆ ಮೇಲೇರತ್ತೆ. ಅದರ ಮೇಲೆ ಓಟ್ಸು, ಕಾಳು ಬೇರೆ! ಉರಿಗೆ ಎಣ್ಣೆ ಸುರಿದ ಹಾಗೆ. ಈ ಬಾವು ಇಳಿಯತ್ತೆ, ಆದ್ರೆ ಕಾಲು ಇನ್ನು ಮೊದಲಿನ ಹಾಗಾಗಲ್ಲ. ಜೀವ ಇರೋವರೆಗೂ ನೋಡ್ಕೋಬೇಕು. ದಿನಾ ಬೆಳಿಗ್ಗೆ ಸಂಜೆ ನಡೆಸಿ. ಕೆಲಸ ಇಲ್ಲದ ದಿನ ಓಟ್ಸು ಕೊಡಬೇಡಿ, ಬರೀ ಒಣಹುಲ್ಲು. ಕಾಲು ತೊಳೆದು ಒಣಗಿಸಿ, ಒದ್ದೆ ನಿಂತ್ರೆ ಚರ್ಮ ಬಿರಿಯತ್ತೆ, ಬಿರುಕಲ್ಲಿ ಕೀವಾಗತ್ತೆ. ಈ ಕುದುರೆಗೆ ವಿಶ್ರಾಂತಿಯೇ ವಿಷ."

"ನೊಂದ ಕಾಲನ್ನ ನಡೆಸೋದಾ?" ತೊಮೆಗೆ ನಂಬಿಕೆ ಬರಲಿಲ್ಲ. ವೈದ್ಯ ಹೋದ ಮೇಲೆ ಅವಳು ಮಗಳಿಗೆ ಹೇಳಿದ್ದು ಇಷ್ಟೇ: "ಚಿಕ್ಕ ಹುಡುಗ. ಪುಸ್ತಕ ಓದ್ಕೊಂಡು ಬಂದಿದಾನೆ."

ಹೀಗೆ ಊರಿನ ಅತಿ ದೊಡ್ಡ ಸೋಮಾರಿಯ ಮನೆಗೆ ಸುಮ್ಮನೆ ನಿಲ್ಲಬಾರದ ಕುದುರೆಯೊಂದು ಗಂಟುಬಿತ್ತು. ಊರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕಿರಲಿಲ್ಲ.

ಕಾಲಿನ ಆರೈಕೆಯನ್ನು ಇಸೊ ವಹಿಸಿಕೊಂಡಳು. ಜೊಂಪೆಯ ಕೂದಲು ಕತ್ತರಿಸಿದಳು, ತೊಳೆದಳು, ಹಳೆಯ ಬಟ್ಟೆಯಿಂದ ಒತ್ತಿ ಒಣಗಿಸಿದಳು. ಹುಲ್ಲಿನ ಸಿಂಬಿಯಿಂದ ಗೊರಸಿನ ಕಡೆಯಿಂದ ಮೇಲಕ್ಕೆ, ಯಾವಾಗಲೂ ಮೇಲಕ್ಕೇ, ಉಜ್ಜಿದಳು. ಹತ್ತಿಯ ಪಟ್ಟಿ ಸುತ್ತಿದಳು. ನಡೆಸುವ ಕೆಲಸ ಗಂಡನದು.

ಮೊದಲ ದಿನವೇ ಜಿನ್‌ಪಾಚಿ ಖಾಲಿ ಜಾರುಬಂಡಿಗೆ ಕುದುರೆ ಕಟ್ಟಿ, ಹುಲ್ಲು ಹಾಸಿ, ಅದರ ಮೇಲೆ ಮಲಗಿ ಹೊರಟ. ನಡೆಯಬೇಕಾದ್ದು ಕುದುರೆ ತಾನೆ, ನಾನಲ್ಲವಲ್ಲ ಎಂಬುದು ಅವನ ವಾದ. ಮಾತ್ಸುಗೆ ದಾರಿ ಗೊತ್ತು. ಅದು ತನ್ನ ಪಾಡಿಗೆ ಮಿಲ್ಲಿನವರೆಗೆ ಹೋಗಿ ತಿರುಗಿ ಬರುತ್ತಿತ್ತು. ದಾರಿಯಲ್ಲಿ ಸಿಕ್ಕವರಿಗೆ ಹುಲ್ಲಿನೊಳಗಿನಿಂದ ಗೊರಕೆ ಕೇಳಿಸುತ್ತಿತ್ತು.

"ಜಿನ್ ಸಾನ್, ಹೆಣ ಸಾಗಿಸ್ತಾ ಇದೀಯೇನೋ?" ಎಂದು ಪಕ್ಕದ ಹೊಲದ ಗೆನ್ಜೊ ಕೂಗುವನು.

"ಹ್ಞೂಂ, ನಂದೇ. ನೀನೂ ಹತ್ತಿಕೋ, ಜಾಗ ಇದೆ."

ಹಿಮ ಕರಗಿ ಬಂಡಿ ಜಾರದ ಕಾಲ ಬಂದಾಗ ಇನ್ನೊಂದು ಉಪಾಯ ಹೂಡಿದ. ಮೇವಿನ ಬಯಲಿನ ಒಂದು ತುದಿಯಲ್ಲಿ ನೀರಿನ ತೊಟ್ಟಿ, ಇನ್ನೊಂದು ತುದಿಯಲ್ಲಿ ಹುಲ್ಲು, ದಿಬ್ಬದ ಮೇಲೆ ಉಪ್ಪಿನ ಗಟ್ಟಿ ಇಟ್ಟ. ಹುಲ್ಲು ತಿಂದರೆ ಬಾಯಾರಿಕೆ, ನೀರು ಕುಡಿದರೆ ಹಸಿವು, ನಡುವೆ ಉಪ್ಪಿನ ಆಸೆ. ಮಾತ್ಸು ದಿನವಿಡೀ ಆ ಮೂರರ ನಡುವೆ ಓಡಾಡುತ್ತಿತ್ತು. ಜಿನ್‌ಪಾಚಿ ಬೇಲಿಗೊರಗಿ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಅದನ್ನು 'ನಡೆಸುತ್ತಿದ್ದ'. ಸೆಕೆಗಾಲದಲ್ಲಿ ಕುದುರೆಯನ್ನು ತೊರೆಯ ತಣ್ಣೀರಿನಲ್ಲಿ ನಡೆಸಿದರೆ ಒಳ್ಳೆಯದೆಂದು ವೈದ್ಯ ಹೇಳಿದಾಗ, ಕುದುರೆಯ ಬೆನ್ನ ಮೇಲೆ ಕೂತು ಮೀನು ಹಿಡಿದ. ಒನೊದೆರಾ ಬಂದು ಕಾಲನ್ನು ಒತ್ತಿ ನೋಡಿ, ಹೀಗೇ ಮುಂದುವರಿಸಿ ಎಂದ. ತೊಮೆಗೆ ಮೈಯುರಿಯಿತು. ಸೋಮಾರಿತನಕ್ಕೆ ಸರ್ಕಾರಿ ಮುದ್ರೆ ಬಿದ್ದಂತಾಯಿತು.

ಆದರೆ ಆ ಕಾಲು ಪೂರ್ತಿ ಮರೆಯಲು ಬಿಡುತ್ತಿರಲಿಲ್ಲ. ಮಳೆ ಹಿಡಿದ ಒಂದು ವಾರ ಕುದುರೆ ಕೊಟ್ಟಿಗೆಯಲ್ಲೇ ನಿಂತಿತು. ಪಾಪ ಎಂದು ತೊಮೆ ಯಾರಿಗೂ ಹೇಳದೆ ಎರಡು ಬೊಗಸೆ ಓಟ್ಸು ಹಾಕಿದಳು. ಕಾಲು ಮತ್ತೆ ಊದಿತು, ಜ್ವರ ಬಂತು. ಇಸೊ ಹೊದಿಕೆ ತಂದು ಕೊಟ್ಟಿಗೆಯಲ್ಲೇ ಇದ್ದುಬಿಟ್ಟಳು. ಬಾವು ಇಳಿದ ಮೇಲೂ ಕಾಲು ಮೊದಲಿಗಿಂತ ಒಂದು ಸುತ್ತು ದಪ್ಪವಾಗೇ ಉಳಿಯಿತು.

"ಇದು ಎಚ್ಚರಿಕೆ," ಎಂದ ಒನೊದೆರಾ. "ಇನ್ನೊಂದು ಸಲ ಹೊಸವರ್ಷದ ಥರಾ ಆದ್ರೆ ನನ್ನ ಕರೀಬೇಡಿ. ಹಾಗಾನ ಕರೀರಿ."

ಹಾಗಾ ಎಂದರೆ ಕುದುರೆ ದಲ್ಲಾಳಿ. ಎಳೆಯಲಾರದ ಕುದುರೆಗಳನ್ನು ಅವನು ಕೊಂಡೊಯ್ಯುವುದು ಮಾಂಸದಂಗಡಿಗೆ. ಕರೆಯದಿದ್ದರೂ ಬರುವ ಮನುಷ್ಯ. ಬಟಾಟೆ ಅಗೆದು ಮುಗಿದ ಹೊತ್ತಿಗೆ ಒಂದು ದಿನ ಬಂದು, ಬೇಲಿಯ ಮೇಲೆ ಮೊಣಕೈಯೂರಿ ಮಾತ್ಸುವಿನ ಹಿಂಭಾಗವನ್ನು ಪ್ರೀತಿಯಿಂದ ನೋಡಿದ.

"ಮೈಕೈ ತುಂಬ್ಕೊಂಡಿದಾಳೆ. ಈಗ ಕೊಟ್ರೆ ಒಳ್ಳೇದು, ತೊಮೆ ಅಜ್ಜಿ. ರೈತರ ಸಂಘಕ್ಕೆ ಟ್ರಾಕ್ಟರ್ ಬಂತು. ಇನ್ನೆರಡು ವರ್ಷಕ್ಕೆ ನಾಲ್ಕು ಕಾಲು ನೆಟ್ಟಗಿರೋ ಕುದುರೆನೂ ಕೇಳೋರಿರಲ್ಲ. ಇದು ಮೂರು ಕಾಲಿನದು."

ತೊಮೆ ಆ ರಾತ್ರಿಯ ಊಟದಲ್ಲಿ ತೀರ್ಪು ಕೊಟ್ಟಳು. ಹೊಸವರ್ಷದವರೆಗೆ ನೋಡೋಣ. ಮೊದಲ ಸಾಗಾಟದ ದಿನ ಕಾಲು ನೆಟ್ಟಗಿದ್ದರೆ ಇರಲಿ. ಊದಿದ್ದರೆ ಹಾಗಾ ಬಂದು ಹೊಡೆದುಕೊಂಡು ಹೋಗಲಿ. ಕೆಲಸ ಮಾಡದೆ ತಿನ್ನುವ ಒಂದು ಬಾಯಿಯನ್ನು ಮನೆಯಲ್ಲಿ ಸಹಿಸಬಹುದು, ಎರಡನ್ನಲ್ಲ.

ಇಸೊ ಚಾಪ್‌ಸ್ಟಿಕ್ ಕೆಳಗಿಟ್ಟಳು. "ಸರಿಯಮ್ಮ. ಆದ್ರೆ ಹೊಸವರ್ಷಕ್ಕೆ ಅವಳನ್ನ ಹೊರಗೆ ನಡೆಸ್ಬೇಕು. ಮೂರು ದಿನ ನಿಂತ್ರೆ ಊದೇ ಊದತ್ತೆ."

"ಹಗ್ಗ ಕಟ್ಟಿದ ಬಾಗಿಲು ದಾಟಿಸೋದಾ? ನಿಮ್ಮಪ್ಪ ಹಾಕಿದ ನೇಮ ಅದು. ನಾನು ಬದುಕಿರೋವರೆಗೆ ಆಗಲ್ಲ."

"ನೀವಾದ್ರೂ ಹೇಳ್ರೀ," ಎಂದು ಇಸೊ ಗಂಡನ ಕಡೆ ತಿರುಗಿದಳು.

ಜಿನ್‌ಪಾಚಿ ಮೂಲಂಗಿ ಉಪ್ಪಿನಕಾಯಿಯನ್ನು ಕರಕರ ಅಗಿದು ನುಂಗಿದ. "ಅಮ್ಮ ಹೇಳಿದ ಮೇಲೆ ಮುಗೀತಲ್ಲ," ಎಂದು ಮಲಗಿಬಿಟ್ಟ. ಮದುವೆಯಾದಂದಿನಿಂದ ಇಸೊ ಗಂಡನ ಸೋಮಾರಿತನವನ್ನು ನೋಡಿ ನಕ್ಕಿದ್ದಳು, ಬೈದಿದ್ದಳು. ಅಸಹ್ಯಪಟ್ಟದ್ದು ಅಂದೇ ಮೊದಲು.

ವರ್ಷದ ಕಡೆಯ ದಿನ ಮೋಚಿ ಕುಟ್ಟಿದರು. ತೊಮೆ ಕೊಟ್ಟಿಗೆಯ ಬಾಗಿಲಿಗೆ ಹೊಸ ಹಗ್ಗ ಕಟ್ಟಿ, ಬಾರುಗಳನ್ನೆಲ್ಲ ಒರೆಸಿ ಗೂಟಕ್ಕೆ ನೇತುಹಾಕಿ, ಎರಡು ಸಲ ಚಪ್ಪಾಳೆ ತಟ್ಟಿ ಕೈಮುಗಿದಳು. ಜಿನ್‌ಪಾಚಿ ತನ್ನ ಹಾಸಿಗೆ ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡ.

"ಇದೆಲ್ಲಿಗೆ?"

"ಕೊಟ್ಟಿಗೆಗೆ, ಅಮ್ಮ. ಮನೇಲಿ ಬಂದುಹೋಗೋರ ಗಲಾಟೆ. ನಿದ್ದೆ ಬರಲ್ಲ."

ತೊಮೆ ಮಗಳ ಮುಖ ನೋಡಿದಳು. ಇಸೊ ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದಳು.

ಹೊಸವರ್ಷದ ದಿನ ನೆಂಟರು, ನೆರೆಯವರು ಬಂದರು. ಇಸೊಗೆ ಒಲೆ ಬಿಟ್ಟು ಕದಲಲಾಗಲಿಲ್ಲ. ತೊಮೆ ಬೆಳಿಗ್ಗೆ ಸಂಜೆ ಓಟ್ಸಿನ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಳು. ಎರಡು ಸಲವೂ ಅಳಿಯ ಬಾಗಿಲಲ್ಲೇ ಎದುರಾಗಿ, "ಕೊಡಿ ಅಮ್ಮ, ಒಳಗೆ ಜಾರತ್ತೆ, ಬಿದ್ದೀರಿ," ಎಂದು ಬಕೆಟ್ಟು ತೆಗೆದುಕೊಂಡನಂತೆ. "ಹೊಸವರ್ಷಕ್ಕೆ ಸ್ವಲ್ಪ ಬುದ್ಧಿ ಬಂದಿದೆ," ಎಂದಳು ತೊಮೆ. ಇಸೊಗೆ ಕಣ್ಣ ಮುಂದೆ ಕಾಣುತ್ತಿದ್ದುದು ಊದುತ್ತಿರುವ ಕಾಲೊಂದೇ.

ಎರಡನೆಯ ದಿನ ಹಿಮಗಾಳಿ ಎದ್ದಿತು. ಅಂಗಳದಾಚೆ ಕೊಟ್ಟಿಗೆಯೇ ಕಾಣದಷ್ಟು ಬಿಳಿ. ನೆಂಟರು ಯಾರೂ ಬರುವಂತಿರಲಿಲ್ಲ. ಮಧ್ಯಾಹ್ನ ಮೋಚಿಯ ಸಾರನ್ನು ಮುಚ್ಚಳದ ಬೋಗುಣಿಯಲ್ಲಿ ಸುತ್ತಿಕೊಂಡು, ಇಂದು ಕಾಲು ನೋಡಿಯೇ ತೀರುವುದು, ಊದಿದ್ದರೆ ಗಂಡನನ್ನು ಅಲ್ಲೇ ಹೂತುಹಾಕುವುದು ಎಂದುಕೊಂಡು ಇಸೊ ಹೊರಟಳು. ಬಾಗಿಲಿನ ಹಗ್ಗದ ಕೆಳಗೆ ನುಸುಳಿ ಒಳಹೋದಳು.

ಕುದುರೆ ಇರಲಿಲ್ಲ. ಗಂಡನೂ ಇರಲಿಲ್ಲ. ಮೂಲೆಯಲ್ಲಿ ಕೋಳಿಗಳು ಓಟ್ಸಿನ ರಾಶಿಯ ಮೇಲೆ ನಡೆದಾಡಲಾರದಷ್ಟು ತಿಂದು ಕೂತಿದ್ದವು. ಬೇಯಿಸಿದ ಸೋಯಾ ಕಾಳಿನ ತಟ್ಟೆಯ ಪಕ್ಕದಲ್ಲಿ ಜಿನ್‌ಪಾಚಿಯ ಚಾಪ್‌ಸ್ಟಿಕ್ ಬಿದ್ದಿದ್ದವು. ಹಿಂದಿನ ಗೋಡೆಯ ಹಲಗೆಗಳನ್ನು ಕಿತ್ತು ಪಕ್ಕಕ್ಕೆ ಒರಗಿಸಲಾಗಿತ್ತು. ಆ ಕಂಡಿಯಿಂದ ಹಿಮ ಒಳಗೆ ಸುರಿಯುತ್ತಿತ್ತು.

ಇಸೊ ಬೋಗುಣಿಯನ್ನು ಹಿಡಿದುಕೊಂಡೇ ಹೊರಬಿದ್ದಳು. ಕೊಟ್ಟಿಗೆಯ ಬೆನ್ನಿಗೆ, ಮನೆಯ ಕಿಟಕಿಗಳಿಗೆ ಕಾಣದ ಜಾಗದಲ್ಲಿ, ಸೌದೆಯ ರಾಶಿಯನ್ನು ಬಳಸಿ ಸೊಂಟದಾಳದ ಹಿಮದಲ್ಲಿ ದುಂಡನೆಯ ದಾರಿಯೊಂದು ಬಿದ್ದಿತ್ತು. ತುಳಿದು ತುಳಿದು ಗಟ್ಟಿಯಾದ ದಾರಿ. ಗಾಳಿ ಅದನ್ನು ತುಂಬುತ್ತಲೇ ಇತ್ತು, ಕಾಲಿಗೆ ಹಿಮಪಾದುಕೆ ಕಟ್ಟಿಕೊಂಡ ಒಬ್ಬ ಮನುಷ್ಯ ಅದನ್ನು ತುಳಿಯುತ್ತಲೇ ಇದ್ದ. ಅವನ ಹಿಂದೆ, ಬಾರಿಲ್ಲದೆ, ಹಗ್ಗವಿಲ್ಲದೆ, ಮೂತಿಯನ್ನು ಅವನ ಬೆನ್ನಿಗೆ ತಾಗಿಸಿಕೊಂಡು ಮಾತ್ಸು ನಡೆಯುತ್ತಿತ್ತು.

ಜಿನ್‌ಪಾಚಿ ತಿರುವಿನಲ್ಲಿ ಹೆಂಡತಿಯನ್ನು ಕಂಡು ನಿಂತ. ಹುಬ್ಬು ಮೀಸೆಯೆಲ್ಲ ಮಂಜುಗಟ್ಟಿತ್ತು.

"ಬಾರು ತಾಗಿಸಿಲ್ಲ," ಎಂದ. "ಬಾಗಿಲೂ ದಾಟಿಸಿಲ್ಲ. ಮಾವನ ನೇಮದಲ್ಲಿ ಗೋಡೆ ಮಾತು ಇಲ್ಲ, ವಿಚಾರಿಸಿ ನೋಡು."

ಇಸೊ ಹಿಮದಲ್ಲಿ ಮಂಡಿಯೂರಿ, ಕೈಗವಸು ಕಿತ್ತು, ಎಡ ಹಿಂಗಾಲನ್ನು ಮೇಲಿನಿಂದ ಕೆಳಗೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬೀಳಲಿಲ್ಲ.

"ಅಮ್ಮನಿಗೆ ಹೇಳಬಾರ್ದಿತ್ತೇನ್ರೀ, ಇಷ್ಟೆಲ್ಲ ಒದ್ದಾಡೋ ಬದಲು?"

"ವಾದ ಮಾಡಿ ಗೆಲ್ಲೋಕೆ ತುಂಬಾ ಶಕ್ತಿ ಬೇಕು, ಇಸೊ. ನಡೆಯೋದು ಸುಲಭ." ಅವನು ಬೋಗುಣಿಯ ಕಡೆ ನೋಡಿದ. "ಅದರಲ್ಲಿ ಮೋಚಿ ಎಷ್ಟಿದೆ?"

"ಮೂರು."

"ಸಾಲದು. ಆ ಕಾಳು ತಿಂದೂ ತಿಂದೂ ಹೊಟ್ಟೆಯೆಲ್ಲ ಗಾಳಿ."

ಅವನು ನಿಂತೇ ಸಾರು ಕುಡಿದ, ಮಾತ್ಸು ಇಸೊಳ ಕಂಕುಳಿಗೆ ಮೂತಿ ತೂರಿಸಿತು. ಆಮೇಲೆ ಇಸೊ ಮನೆಗೆ ಹೋಗಿ, ಆ ದಿನವೂ ಮರುದಿನವೂ ತಾಯಿಯನ್ನು ಕಿಟಕಿಯ ಬಳಿ ಸುಳಿಯಗೊಡದೆ, ಹಳೆಯ ಕಿಮೊನೊಗಳನ್ನು ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆಸಿ ಕಥೆ ಹೇಳಿಸಿದಳು. ತೊಮೆಗೆ ಕಥೆಗಳಿಗೇನೂ ಕೊರತೆಯಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗಾಳಿ ನಿಂತು ಬಿಸಿಲು ಬಿತ್ತು. ಮೊದಲ ಸಾಗಾಟಕ್ಕೆ ಮುಂಚೆ ಒಂದೊಂದು ಬಟ್ಟಲು ಸಾಕೆ ಎಂಬ ಅಕ್ಕಿಯ ಹೆಂಡ ಕುಡಿಯಲು ಗೆನ್ಜೊ ಬಂದ, ಹಾಗಾನೂ ಬಂದ. ಹಾಗಾನ ಬಂಡಿಯಲ್ಲಿ ಕುದುರೆಯ ಮುಖಕ್ಕೆ ಕಟ್ಟುವ ಖಾಲಿ ಹಗ್ಗವೊಂದು ಇದ್ದುದನ್ನು ಇಸೊ ನೋಡಿದಳು. ತೊಮೆ ಕೊಟ್ಟಿಗೆಯ ಹಗ್ಗ ಬಿಚ್ಚಿ, ಬಾಗಿಲು ತೆರೆದು, ಕುದುರೆಯನ್ನು ಬಿಸಿಲಿಗೆ ತಂದಳು. ಹಿಂದಿನ ಹಲಗೆಗಳು ತಮ್ಮ ಜಾಗದಲ್ಲಿದ್ದವು.

ಹಾಗಾ ಬಗ್ಗಿ ಕಾಲು ಮುಟ್ಟಿದ. ಒತ್ತಿದ. ಇನ್ನೊಂದು ಕಡೆ ಒತ್ತಿದ. ಮುಖ ಸಪ್ಪಗಾಯಿತು.

"ಏನಾದ್ರೂ ಸಿಕ್ತಾ?" ಎಂದಳು ತೊಮೆ.

"ಇಲ್ಲ ಅಜ್ಜಿ. ಕಾಲು... ಕಾಲಿನ ಹಾಗೇ ಇದೆ."

ತೊಮೆ ಸೊಂಟದ ಮೇಲೆ ಕೈಯಿಟ್ಟಳು. "ನೋಡಿದ್ರಾ? ಮೂರು ದಿನ ಪೂರ್ತಿ ವಿಶ್ರಾಂತಿ, ಹೊಟ್ಟೆ ತುಂಬ ಓಟ್ಸು. ಏನಾಯ್ತು? ಆ ಒನೊದೆರಾ ಹುಡುಗ ವಿಷ ಅಂದ! ಹಾಗಾ ಸಾನ್, ನೀನು ಬೇರೆ ಮನೆ ನೋಡ್ಕೋ. ಈ ಕುದುರೆ ಇಲ್ಲೇ ಇರತ್ತೆ. ಇನ್ಮೇಲೆ ಪ್ರತಿ ವರ್ಷ ಹೀಗೇ."

ಇಸೊ ಬಾಯಿ ತೆರೆದಳು. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಬಿಸಿಲು ಕಾಯಿಸುತ್ತ ಒರಗಿದ್ದ ಜಿನ್‌ಪಾಚಿ, ಕಣ್ಣು ತೆರೆಯದೆಯೇ ಹೇಳಿದ: "ಹೌದಮ್ಮ. ನೀವು ಹೇಳಿದ್ದೇ ಸರಿಯಾಯ್ತು."

"ನೋಡು, ಇವನಿಗೂ ಗೊತ್ತಾಗಿದೆ."

"ಇವನಿಗೆ ಗೊತ್ತಾಗದೆ ಇರತ್ತಾ?" ಗೆನ್ಜೊ ನಕ್ಕ. "ಮೂರು ದಿನ ಕೊಟ್ಟಿಗೇಲಿ ಕುದುರೆ ಜೊತೆ ಮಲಗಿದಾನೆ. ಜಿನ್ ಸಾನ್, ಕುದುರೆ ಕಾಲು ಬಿಡು, ನಿನ್ನ ಕಾಲು ಊದಿಲ್ವೇನೋ?"

ಎಲ್ಲರೂ ನಕ್ಕರು. ಜಿನ್‌ಪಾಚಿಯೂ ನಕ್ಕು, ಖಾಲಿ ಬಟ್ಟಲನ್ನು ಕೂತಲ್ಲಿಂದಲೇ ಇಸೊಳ ಕಡೆ ಚಾಚಿದ. ಅವಳು ಅದನ್ನು ತುಳುಕುವಷ್ಟು ತುಂಬಿದಳು.

ಬಂಡಿಗಳು ಗುಡ್ಡದ ಕಡೆ ಹೊರಟವು. ಆ ದಿನದ ಹಗುರ ಹೊರೆಗೆ ಇಸೊ ತಾನೇ ಮಾತ್ಸುವನ್ನು ಕಟ್ಟಿಕೊಂಡು ಹೋಗಿ ಬಂದಳು. ಮಧ್ಯಾಹ್ನ ಮರಳಿದಾಗ ತೊಮೆ ಒಲೆಯ ಮುಂದೆ ತೂಕಡಿಸುತ್ತಿದ್ದಳು, ಅಳಿಯ ಮಲಗುವ ಜಾಗ ಖಾಲಿ ಇತ್ತು. ಕೊಟ್ಟಿಗೆಯ ಹಿಂದಿನಿಂದ ಟಕ್ ಟಕ್ ಸದ್ದು ಕೇಳಿಸಿತು.

ಕಿತ್ತ ಹಲಗೆಗಳನ್ನು ಜಿನ್‌ಪಾಚಿ ಅಡ್ಡಪಟ್ಟಿ ಹೊಡೆದು ಒಂದಾಗಿ ಜೋಡಿಸಿದ್ದ. ಈಗ ಅದರ ಒಂದು ಅಂಚಿಗೆ ತುಕ್ಕು ಹಿಡಿದ ಎರಡು ಕಬ್ಬಿಣದ ಕೀಲುಗಳನ್ನು ಬಡಿಯುತ್ತಿದ್ದ. ಮುಚ್ಚಿದರೆ ಗೋಡೆ, ತೆರೆದರೆ ಕುದುರೆಯಷ್ಟು ಅಗಲದ ಬಾಗಿಲು.

"ಏನ್ರೀ ಇದು?"

"ಪ್ರತಿ ವರ್ಷ ಮೊಳೆ ಕೀಳೋದು, ಹೊಡೆಯೋದು. ಯಾರಿಗೆ ಬೇಕು ಆ ಕಷ್ಟ," ಎಂದ.

ಅವನು ಹಲಗೆಯನ್ನೊಮ್ಮೆ ತೆರೆದು ಮುಚ್ಚಿದ. ಕೀಲು ಕಿರ್ರೆಂದಿತು. ಮನೆಯ ಕಡೆ ತಿರುಗಿ ನೋಡಿ, ಎದ್ದು, ಹಿಮದಲ್ಲಿ ಅಂಗಳ ದಾಟಿ ಅಡುಗೆಮನೆಯವರೆಗೆ ಹೋಗಿ, ಎಣ್ಣೆಯ ಬಟ್ಟಲು ಹಿಡಿದು ಬಂದ. ಎರಡು ಕೀಲಿಗೂ ಬೆರಳಿನಿಂದ ಎಣ್ಣೆ ಸವರಿದ. ಮತ್ತೆ ತೆರೆದ, ಕಿವಿಗೊಟ್ಟ, ಇನ್ನೊಂದು ಹನಿ ಹಾಕಿದ. ಏನೂ ಕೇಳಿಸದಾಗುವವರೆಗೆ ಆ ಬಾಗಿಲನ್ನು ತೆರೆದು ಮುಚ್ಚುತ್ತಲೇ ಇದ್ದ.